ಗೋಡೆ ಬರೆಯುವವರು

(ಶಿಕ್ಷಕರ ಕಮ್ಮಟವೊಂದರಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನಗೆ ಊಟ ಆದ ಮೇಲಿನ ಹೊತ್ತು ಕೊಟ್ಟಿದ್ದಾರೆ. ನಿದ್ದೆ ಬಂದವರು ನಿದ್ದೆ ಮಾಡಿ, ಬೇಜಾರಿಲ್ಲ. ಮೂವತ್ತು ವರ್ಷ ಊಟದ ನಂತರದ ಗಣಿತದ ಪೀರಿಯಡ್ ತೆಗೆದುಕೊಂಡವಳು ನಾನು. ತೂಕಡಿಸುವ ಮುಖಗಳನ್ನು ನೋಡಿ ನೋಡಿ ಅಭ್ಯಾಸವಾಗಿದೆ.

"ನೆಲದ ಕಲೆಗಳನ್ನು ಪಾಠಕ್ಕೆ ತರುವುದು ಹೇಗೆ" ಅಂತ ಮಾತಾಡಿ ಎಂದರು. ಹೇಗೆ ತರಬಾರದು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಅಲ್ಲಿಂದಲೇ ಶುರು ಮಾಡುತ್ತೇನೆ.

ಸಾಗರಕ್ಕೂ ಸಿದ್ದಾಪುರಕ್ಕೂ ನಡುವಿನ ಒಂದು ಸಣ್ಣ ಊರಿನ ಶಾಲೆಯಲ್ಲಿದ್ದೆ. ಒಂದು ವರ್ಷ ಯಾರೋ ಪುಣ್ಯಾತ್ಮರು ಶಾಲೆಗೆ ಸ್ವಲ್ಪ ದುಡ್ಡು ಕೊಟ್ಟರು. ಕಾಂಪೌಂಡ್ ಗೋಡೆ ಚಂದ ಮಾಡೋಣ ಅಂತ ಪೇಟೆಯಿಂದ ಪೇಂಟರ್ ಕರೆಸಿದೆವು. ಮೊಬೈಲಿನಲ್ಲಿ ಚಿತ್ರ ತೋರಿಸಿದರು, ನಾವು ತಲೆ ಆಡಿಸಿದೆವು. ಎರಡು ದಿನದಲ್ಲಿ ಗೋಡೆ ತುಂಬ ಕಡ್ಡಿ ಕಾಲಿನ ಜನ ಕೈ ಕೈ ಹಿಡಿದು ಕುಣಿಯತೊಡಗಿದರು. ಕೆಮ್ಮಣ್ಣಿನ ಬಣ್ಣದ ಮೇಲೆ ಬಿಳಿ ಆಯಿಲ್ ಪೇಂಟು. ನಿಮ್ಮ ಶಾಲೆಯಲ್ಲೂ ಇದೆ, ಅಲ್ವಾ? ಬಸ್ ಸ್ಟ್ಯಾಂಡಿನಲ್ಲಿ, ಹೋಟೆಲಿನಲ್ಲಿ, ಎಲ್ಲಿ ನೋಡಿದರೂ ಅದೇ ವರ್ಲಿ.

ವರ್ಲಿ ಬಗ್ಗೆ ನನಗೆ ತಕರಾರಿಲ್ಲ. ಅದು ಮಹಾರಾಷ್ಟ್ರದ ಪಾಲ್ಘರ್, ಠಾಣೆ ಕಡೆಯ ಆದಿವಾಸಿಗಳದ್ದು. ಅಲ್ಲಿ ಮದುವೆ ಮನೆಯ ಗೋಡೆಗೆ ಹೆಂಗಸರು ಅಕ್ಕಿ ಹಿಟ್ಟಿನಲ್ಲಿ ಬರೆಯುವಂಥದ್ದು. ನಮಗೆ ಅದೆಲ್ಲ ಏನೂ ಗೊತ್ತಿರಲಿಲ್ಲ. ನಮಗೆ ಅದು ಸುಮ್ನೆ ಒಂದು ಡಿಸೈನು.

ಐದನೇ ಕ್ಲಾಸಿನ ಒಬ್ಬಳು ಹುಡುಗಿ ಆ ಗೋಡೆಯ ಮುಂದೆ ನಿಂತಿದ್ದಳು. ಮಾತು ಕಡಿಮೆ ಅವಳದ್ದು. ಗಣಿತದಲ್ಲಿ ಯಾವಾಗಲೂ ಹಿಂದೆ. "ಚಂದ ಇದೆಯೇನೇ?" ಅಂದೆ. ಹೂಂ ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಕ್ಕೋರೆ, ನಮ್ಮಜ್ಜಿ ಬರ್ಯೂದು ಹಿಂಗಲ್ಲ" ಅಂದಳು.

ನಾನು ಆ ಊರಿಗೆ ಬಂದು ನಾಲ್ಕು ವರ್ಷ ಆಗಿತ್ತು. ಅವಳ ಅಜ್ಜಿ ಏನು ಬರೆಯುತ್ತಾರೆ ಅಂತ ಒಮ್ಮೆಯೂ ಕೇಳಿರಲಿಲ್ಲ.

ಅವರು ದೀವರ ಮನೆಯವರು. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ದೀವರು ನಮ್ಮ ಕಡೆಯ ಒಂದು ಸಮುದಾಯ. ಅವರ ಮನೆಗಳಲ್ಲಿ ಮದುವೆ ಬಂತೆಂದರೆ ಹಸೆ ಗೋಡೆಗೆ ಚಿತ್ತಾರ ಬರೆಯಬೇಕು. ಹಸೆ ಅಂದರೆ ಮದುಮಕ್ಕಳು ಕೂರುವ ಜಾಗ. ಅದರ ಹಿಂದಿನದು ಹಸೆ ಗೋಡೆ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಸಣ್ಣ ಸಣ್ಣ ಗೆರೆ. ಬಿಳಿಗೆ ನೆನೆಸಿ ಅರೆದ ಅಕ್ಕಿ. ಕಪ್ಪಿಗೆ ಸೀಯುವ ತನಕ ಹುರಿದ ಅಕ್ಕಿ. ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ಬರೆಯುವವರೆಲ್ಲ ಹೆಂಗಸರು.

ನೋಡಿ, "ಬರೆಯುವುದು" ಅಂತಲೇ ಹೇಳುತ್ತಾರೆ. ಚಿತ್ತಾರ ಬಿಡಿಸುವುದು, ಎಳೆಯುವುದು ಅಂತಲ್ಲ. ಆ ಸಂಜೆ ಹುಡುಗಿಯ ಜೊತೆ ಅವರ ಮನೆಗೆ ಹೋದೆ. ಅಜ್ಜಿಯನ್ನು ನಾನು ಮೊದಲೇ ನೋಡಿದ್ದೆ. ಮೊಮ್ಮಗಳನ್ನು ಶಾಲೆಗೆ ಸೇರಿಸುವಾಗ ಬಂದು, ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ ಹೋಗಿದ್ದರು. ಇಂಕ್ ಪ್ಯಾಡ್ ನಾನೇ ಹಿಡಿದಿದ್ದೆ. "ನಂಗೆ ಬರ್ಯೂದೆಲ್ಲ ಬರೂದಿಲ್ಲ ಅಕ್ಕೋರೆ" ಅಂದಿದ್ದರು ಆವತ್ತು. ಈಗ ಅದೇ ಅಜ್ಜಿಯ ಮನೆಯ ಜಗಲಿ ಗೋಡೆಯಲ್ಲಿ, ಎರಡು ವರ್ಷದ ಹಿಂದೆ ಮಗನ ಮದುವೆಗೆ ಬರೆದ ಚಿತ್ತಾರ ಅರ್ಧ ಮಾಸಿ ನಿಂತಿತ್ತು. ಅದರ ಮುಂದೆ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

"ಅಜ್ಜಿ, ಶಾಲೆಗೆ ಬಂದು ಮಕ್ಕಳಿಗೆ ಕಲಿಸ್ತೀರಾ?"

"ಎಂತಾ ಕಲಿಸೂದು? ಇದು ಕಲಿಸೂದಲ್ಲ. ಕೂತ್ರೆ ಬತ್ತದೆ."

ಮೂರು ಸಲ ಹೋದ ಮೇಲೆ ಒಪ್ಪಿದರು. ಅದೂ ಅಡಕೆ ಕೊಯ್ಲು ಮುಗಿದ ಮೇಲೆ.

ಈಗ ತರಗತಿಯ ಒಳಗಿನದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಾನು ಪಾಠ ಕಲಿತದ್ದು ಅಲ್ಲೇ.

ಶಾಲೆಯ ಪಡಸಾಲೆಯ ಒಳಗೋಡೆ ಆರಿಸಿದ್ದೆವು. ಅಜ್ಜಿ ಬಂದವರು ಮೊದಲು ಗೋಡೆ ಮುಟ್ಟಿ ನೋಡಿದರು. ಉಗುರಿನಲ್ಲಿ ಗೀರಿದರು. "ಸಿಮೆಂಟು. ಇದು ಮಣ್ಣು ಹಿಡೂದಿಲ್ಲ" ಅಂದರು. ನಾವು ಕೆಮ್ಮಣ್ಣು, ಸಗಣಿ ಕಲಸಿ ಎರಡು ಸಲ ಸಾರಿಸಿದೆವು. ಅರ್ಧ ಉದುರಿತು. ಕೊನೆಗೆ ಹಳೇ ಅಡುಗೆ ಕೋಣೆಯ ಮಣ್ಣಿನ ಗೋಡೆಗೆ ಹೋದೆವು. ಸೌದೆ ತುಂಬಿಟ್ಟಿದ್ದ ಕೋಣೆ ಅದು. ಮಕ್ಕಳು ಸೌದೆ ಹೊತ್ತು ಹೊರಗೆ ಹಾಕಿದರು. ಒಂದು ಹಾವಿನ ಪೊರೆಯೂ ಸಿಕ್ಕಿತು. ವಿಜ್ಞಾನದ ಪಾಠ ಒಂದು ಪುಕ್ಕಟೆ ಆಯಿತು.

ಗೋಡೆಯ ನಡು ಎಲ್ಲಿ? ನಾನು ಟೇಪು ಹುಡುಕುತ್ತಿದ್ದೆ. ಅಜ್ಜಿ ಒಂದು ದಾರ ತೆಗೆದರು. ಗೋಡೆಯ ಆ ತುದಿಗೆ ಒಬ್ಬ ಹುಡುಗ, ಈ ತುದಿಗೆ ಒಬ್ಬಳು ಹುಡುಗಿ. ದಾರ ಬಿಗಿ ಹಿಡಿಸಿದರು. ಆಮೇಲೆ ಇಬ್ಬರ ತುದಿಯನ್ನೂ ಸೇರಿಸಿ ದಾರ ಮಡಿಸಿದರು. ಮಡಿಕೆ ಬಿದ್ದಲ್ಲಿ ಗಂಟು ಹಾಕಿದರು. ಮತ್ತೆ ಹಿಡಿಸಿದರು. ಗಂಟು ಇದ್ದಲ್ಲಿ ಗೋಡೆಗೆ ಒಂದು ಚುಕ್ಕೆ. ಅದನ್ನೇ ಇನ್ನೊಂದು ಸಲ ಮಡಿಸಿದರೆ ಕಾಲು ಭಾಗ. ಇನ್ನೊಂದು ಸಲ ಮಡಿಸಿದರೆ ಎಂಟನೇ ಒಂದು. ಸಂಖ್ಯೆಯ ಹೆಸರನ್ನೇ ಎತ್ತದೆ ಭಿನ್ನರಾಶಿಯ ಒಂದು ಇಡೀ ಅಧ್ಯಾಯ ಮುಗಿಸಿದರು. ನಾನು ಅದನ್ನು ರೊಟ್ಟಿ, ಪಿಜ್ಜಾ ಅಂತ ಬೋರ್ಡಿನ ಮೇಲೆ ಬರೆದು ಎರಡು ವಾರ ಒದ್ದಾಡಿದ್ದೆ. ಆ ಊರಲ್ಲಿ ಪಿಜ್ಜಾ ತಿಂದ ಒಂದು ಮಗುವೂ ಇರಲಿಲ್ಲ.

ಆಮೇಲೆ ಚೌಕಟ್ಟು. ಒಂದು ಗೆರೆ ಬರೆದರು. ಒಂದು ಬೆರಳಿನಷ್ಟು ಜಾಗ ಬಿಟ್ಟು ಇನ್ನೊಂದು. ಮತ್ತೊಂದು. ಇದಕ್ಕೆ ಎಳೆ ಅಂತಾರೆ. ಹುಡುಗನೊಬ್ಬ ಸ್ಕೇಲ್ ತಂದುಕೊಟ್ಟ. ಅಜ್ಜಿ ಅದನ್ನು ತೆಗೆದು ಪಕ್ಕಕ್ಕೆ ಇಟ್ಟರು. "ಪಟ್ಟಿ ಇಟ್ರೆ ಪಟ್ಟಿ ಕಲೀತದೆ, ಕೈ ಕಲಿಯೂದಿಲ್ಲ." ಪುಂಡಿ ನಾರಿನ ತುದಿಯನ್ನು ಹಲ್ಲಿನಲ್ಲಿ ಜಗಿದು ಮೆತ್ತಗೆ ಮಾಡಿಕೊಂಡು, ಉಸಿರು ಹಿಡಿದು, ಮೊಣಕೈ ಆಡಿಸದೆ ಭುಜದಿಂದಲೇ ಎಳೆಯುತ್ತಿದ್ದರು. ನಾನು ಹಿಂದೆ ನಿಂತು ನೋಡಿದೆ. ನಾಲ್ಕು ಮೊಳ ಉದ್ದದ ಗೆರೆ. ಎಲ್ಲೂ ಒಂದು ಅಕ್ಕಿ ಕಾಳಿನಷ್ಟು ಸೊಟ್ಟ ಇಲ್ಲ.

ಮರುದಿನ ಗಣಿತ ಪೀರಿಯಡ್‌ನಲ್ಲಿ "ಸಮಾಂತರ ರೇಖೆ ಅಂದ್ರೇನು?" ಅಂತ ಕೇಳಿದೆ. ಆ ಮಾತು ಕಡಿಮೆಯ ಹುಡುಗಿ ಎದ್ದು ನಿಂತಳು. "ಅಜ್ಜಿ ಎಳೆ ಅಕ್ಕೋರೆ. ಪಕ್ಕಪಕ್ಕ ಹೋಗ್ತವೆ, ಜಗಳ ಆಡೂದಿಲ್ಲ." ನಾನು ಅದನ್ನೇ ಬೋರ್ಡಿನ ಮೇಲೆ ಬರೆದೆ. ಪುಸ್ತಕದ ವ್ಯಾಖ್ಯೆ ಅದರ ಕೆಳಗೆ ಬರೆದೆ.

ಸಮಮಿತಿ, ಕೋನ, ವಿನ್ಯಾಸ, ಇದೆಲ್ಲ ಆ ಗೋಡೆಯಲ್ಲೇ ಇತ್ತು. ಅದನ್ನೆಲ್ಲ ಒಂದೊಂದಾಗಿ ಹೇಳುವುದಿಲ್ಲ, ನಿಮಗೇ ಹೊಳೆಯುತ್ತದೆ. ಬಣ್ಣದ ಕಥೆ ಮಾತ್ರ ಹೇಳಬೇಕು. ಹಳದಿಗೆ ಗುರಿಗೆ ಕಾಯಿ ಬೇಕು ಅಂದರು. ಮಕ್ಕಳು ಹುಡುಕಲು ಹೊರಟರು. ಶಾಲೆಯ ಹಿಂದಿನ ಗುಡ್ಡದ ತುಂಬ ಅಕೇಶಿಯ. ಎರಡು ದಿನ ಅಲೆದರೂ ಒಂದು ಗುರಿಗೆ ಮರ ಸಿಗಲಿಲ್ಲ. ಮೂರನೇ ದಿನ ಅಜ್ಜಿಯೇ ದಾರಿ ಹೇಳಿದರು. ಹಳ್ಳ ದಾಟಿ, ಭೂತಪ್ಪನ ಬನದ ಪಕ್ಕ. ಅಲ್ಲಿ ಇತ್ತು. ಅಲ್ಲಿ ಮಾತ್ರ ಯಾಕೆ ಉಳಿದಿದೆ ಅಂತ ಮಕ್ಕಳೇ ಕೇಳಿದರು. ಆ ಪ್ರಶ್ನೆಯ ಹಿಂದೆ ಹೋಗಿ ಒಂದು ತಿಂಗಳು ಪರಿಸರ ಅಧ್ಯಯನದ ಪಾಠ ನಡೆಯಿತು. ಊರಿನ ಹಿರಿಯರನ್ನು ಕೇಳಿ ಬರೆದುಕೊಂಡರು: ಈ ಗುಡ್ಡದಲ್ಲಿ ಮೊದಲು ಏನೇನು ಮರ ಇತ್ತು, ಯಾವಾಗ ಕಡಿದರು, ಅಕೇಶಿಯ ಯಾವಾಗ ಬಂತು. ಹಳದಿ ಬಣ್ಣದಿಂದ ಶುರುವಾದದ್ದು ಅದು.

ಇಲ್ಲಿ ಒಂದು ಪರದೇಶದ ಕಥೆ ಹೇಳಬೇಕು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು.

ಆಸ್ಟ್ರೇಲಿಯಾದ ನಡುಭಾಗದ ಮರುಭೂಮಿಯಲ್ಲಿ ಪಾಪುನ್ಯ ಅಂತ ಒಂದು ಊರು. ಊರು ಅನ್ನುವುದಕ್ಕಿಂತ ಸರ್ಕಾರ ಮಾಡಿದ ವಸತಿ. ಬೇರೆ ಬೇರೆ ಮೂಲನಿವಾಸಿ ಜನರನ್ನು ಅವರವರ ನೆಲದಿಂದ ತಂದು ಅಲ್ಲಿ ಇರಿಸಿದ್ದರು. 1971ರಲ್ಲಿ ಜೆಫ್ರಿ ಬಾರ್ಡನ್ ಅನ್ನುವ ಯುವ ಮೇಷ್ಟ್ರು ಅಲ್ಲಿನ ಶಾಲೆಗೆ ಬಂದರು. ಮಕ್ಕಳು ಕಾಗದದ ಮೇಲೆ ಸಿನಿಮಾದ ಕೌಬಾಯ್‌ಗಳನ್ನು ಬರೆಯುತ್ತಿದ್ದರು. ಆದರೆ ಆಟದ ಬಯಲಿನಲ್ಲಿ ಕಥೆ ಹೇಳುವಾಗ ಮರಳಿನ ಮೇಲೆ ಬೆರಳಿನಿಂದ ಬೇರೆಯೇ ಗುರುತು ಬರೆಯುತ್ತಿದ್ದರು. ಸುತ್ತು, ಗೆರೆ, ಅರ್ಧಚಂದ್ರ. ಮೇಷ್ಟ್ರು ಅದನ್ನು ಗಮನಿಸಿದರು. ಅದನ್ನೇ ಬರೆಯಿರಿ ಅಂದರು. ಆಗ ಹಿರಿಯರು ಆಸಕ್ತಿ ತೋರಿಸಿದರು. ಅವರಲ್ಲಿ ಕೆಲವರು ಅದೇ ಶಾಲೆಯ ಅಂಗಳ ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಶಾಲೆಯವರು ದಿನಾ ನೋಡುತ್ತಿದ್ದರು, ಅವರು ಯಾರು ಅಂತ ತಿಳಿದಿರಲಿಲ್ಲ. ನನ್ನ ಇಂಕ್ ಪ್ಯಾಡಿನ ಹಾಗೆ.

ಆ ಹಿರಿಯರು ಶಾಲೆಯ ಗೋಡೆಗೆ ಜೇನಿರುವೆಯ ಕಥೆ ಬರೆದರು. ಪಾಪುನ್ಯದ ನೆಲಕ್ಕೇ ಸೇರಿದ ಕಥೆ ಅದು. ಕಾಪಾ ಜಂಪಿಜಿನ್ಪ ಅನ್ನುವವರು ಮುಂದೆ ನಿಂತಿದ್ದರು. ಮೊದಲು ಇರುವೆಯನ್ನು ಬಿಳಿಯರ ಪುಸ್ತಕದಲ್ಲಿ ಇರುವ ಹಾಗೆ, ಕಾಲು ಮೀಸೆ ಎಲ್ಲ ಹಾಕಿ ಬರೆದರಂತೆ. ಇದು ನಿಮ್ಮ ಇರುವೆಯೇ ಅಂತ ಮೇಷ್ಟ್ರು ಕೇಳಿದರು. ಅಲ್ಲ ಅಂದರು. ಅದನ್ನು ತೆಗೆದು ತಮ್ಮ ರೀತಿಯ ಗುರುತಿನಲ್ಲಿ ಬರೆದರು. ಮರುವರ್ಷ, 1972ರಲ್ಲಿ, ಆ ಕಲಾವಿದರೇ ತಮ್ಮದೊಂದು ಸಂಸ್ಥೆ ಕಟ್ಟಿಕೊಂಡರು. ಇವತ್ತು ಜಗತ್ತಿನ ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ಕಾಣುವ ಆ ಚುಕ್ಕೆ ಚಿತ್ರಗಳ ದಾರಿ ಶುರುವಾದದ್ದು ಒಂದು ಶಾಲೆಯ ಗೋಡೆಯಿಂದ.

ಆ ಗೋಡೆ ಏನಾಯಿತು? ಕೆಲವೇ ವರ್ಷದಲ್ಲಿ ಅದರ ಮೇಲೆ ಬಣ್ಣ ಬಳಿದುಬಿಟ್ಟರು. ಶಾಲೆ ರಿಪೇರಿಯ ನೆಪ. ಸುಣ್ಣಬಣ್ಣ ಹೊಡೆಸುವ ಹೆಡ್‌ಮಾಸ್ಟರ್‌ಗಳು ಇಲ್ಲಿ ಯಾರಾದರೂ ಇದ್ದರೆ ಮಾರ್ಚ್ ತಿಂಗಳಲ್ಲಿ ಇದನ್ನು ಒಮ್ಮೆ ನೆನೆಸಿಕೊಳ್ಳಿ.

ಇದರಲ್ಲಿ ನನಗೆ ಮುಖ್ಯ ಅನ್ನಿಸಿದ ಇನ್ನೊಂದು ಸಂಗತಿ ಇದೆ. ಆ ಹಿರಿಯರು ಎಲ್ಲವನ್ನೂ ಬರೆಯಲಿಲ್ಲ. ಕೆಲವು ಗುರುತುಗಳು ಹೆಂಗಸರು, ಮಕ್ಕಳು ನೋಡಬಾರದವು. ಆರಂಭದ ಕೆಲವು ಚಿತ್ರಗಳಲ್ಲಿ ಅಂಥವು ಬಂದುಬಿಟ್ಟು ಅವರೊಳಗೇ ಜಗಳವಾಯಿತು. ಆಮೇಲೆ ಗುಟ್ಟಿನದನ್ನು ಬಿಟ್ಟರು, ಇಲ್ಲವೇ ಮರೆಮಾಡಿದರು. ಏನು ಹೊರಗೆ ತರಬಹುದು ಅನ್ನುವುದನ್ನು ತೀರ್ಮಾನ ಮಾಡುವವರು ಅವರೇ.

ನನಗೂ ಇದೇ ಆಯಿತು. ಜೂನ್‌ನಲ್ಲಿ ಒಂದು ಪ್ರದರ್ಶನ ಇತ್ತು. ಭೂಮಣ್ಣಿ ಬುಟ್ಟಿ ಮಾಡಿಸೋಣ ಅಂತ ಅಜ್ಜಿಗೆ ಹೇಳಿದೆ. ಭೂಮಿ ಹುಣ್ಣಿಮೆ ದಿನ ಹೊಲಕ್ಕೆ ಚರಗ ಒಯ್ಯುವ ಬುಟ್ಟಿ ಅದು. ಸಗಣಿ, ಕೆಮ್ಮಣ್ಣು ಬಳಿದು, ಮೇಲೆ ಚಿತ್ತಾರ ಬರೆದು, ಅದರಲ್ಲಿ ಎಡೆ ಇಟ್ಟು ಬೆಳಗಿನ ಜಾವ ಗದ್ದೆಗೆ ಹೋಗುತ್ತಾರೆ. ಬಸಿರಾದ ಭೂಮಿಗೆ ಬಯಕೆ ಊಟ. ಅಜ್ಜಿ ಒಂದೇ ಮಾತಿನಲ್ಲಿ ಆಗೂದಿಲ್ಲ ಅಂದರು. "ಬುಟ್ಟಿ ಬರ್ಯೂದು ಹುಣ್ಣಿಮೆ ಮುಂಚೆ. ಗದ್ದೇಲಿ ತೆನೆ ಇಲ್ದೆ ಬುಟ್ಟಿ ಯಾರಿಗೆ?" ನಾನು ಸುಮ್ಮನಾದೆ. ಪ್ರದರ್ಶನಕ್ಕೆ ಬುಟ್ಟಿ ಹೋಗಲಿಲ್ಲ. ಮೇಲಿನವರು ಒಬ್ಬರು ಕೇಳಿದರು, ನಾಲ್ಕು ಬುಟ್ಟಿಗೆ ಇಷ್ಟು ರಗಳೆಯಾ ಅಂತ. ಆ ವರ್ಷದ ಅಕ್ಟೋಬರ್‌ಗೆ ನಾವು ಸಸ್ಯಗಳ ಪಾಠವನ್ನೇ ಮುಂದಕ್ಕೆ ಹಾಕಿಕೊಂಡೆವು. ಹುಣ್ಣಿಮೆಗೆ ಬೇಯಿಸುವ ಹಚ್ಚಂಬಲಿಗೆ ಯಾವ ಯಾವ ಸೊಪ್ಪು ಬೇಕು ಅಂತ ಮಕ್ಕಳು ಪಟ್ಟಿ ಮಾಡಿದರು. ಪುಸ್ತಕದಲ್ಲಿ ಆ ಅಧ್ಯಾಯ ಮೊದಲು ಬರುತ್ತದೆ. ಭೂಮಿ ಪುಸ್ತಕ ನೋಡಿ ಬಸಿರಾಗುವುದಿಲ್ಲವಲ್ಲ.

ಈಗ ನನ್ನ ಎರಡನೇ ತಪ್ಪು. ಇದನ್ನು ಹೇಳಲು ನನಗೆ ನಾಚಿಕೆ. ಹೇಳದಿದ್ದರೆ ಈ ಮಾತಿಗೆ ಅರ್ಥ ಇಲ್ಲ.

ಚಿತ್ತಾರದ ಪಾಠ ಚೆನ್ನಾಗಿ ಆಯಿತು ಅಂತ ನನಗೆ ಉಮೇದು ಜಾಸ್ತಿ ಆಗಿತ್ತು. ನವೆಂಬರ್ ಒಂದರ ಕಾರ್ಯಕ್ರಮಕ್ಕೆ ಏಳನೇ ಕ್ಲಾಸಿನ ಹುಡುಗನೊಬ್ಬನನ್ನು ಎಲ್ಲರ ಎದುರಿಗೆ ಕರೆದೆ. "ನಿನ್ನ ಅಪ್ಪ ತಮಟೆ ಬಾರಿಸ್ತಾರಲ್ಲ, ನೀನೂ ಬಾರಿಸು" ಅಂದೆ. ಹೊಗಳಿದ್ದೇನೆ ಅಂತಲೇ ನನ್ನ ಲೆಕ್ಕ. ಅವನು ತಲೆ ತಗ್ಗಿಸಿದ. ನಾಲ್ಕು ದಿನ ಶಾಲೆಗೆ ಬರಲಿಲ್ಲ. ಐದನೇ ದಿನ ಅವನ ತಾಯಿ ಬಂದು ಗೇಟಿನ ಹತ್ತಿರವೇ ನಿಂತು ಹೇಳಿದರು: "ಅವ್ನು ಶಾಲೆಯಾಗಾದ್ರೂ ಅದೆಲ್ಲ ಬಿಟ್ಟು ಕೂತ್ಕಳ್ಲಿ ಅಂತ ಕಳಿಸ್ತೀವಿ ಟೀಚರ್."

ಯಾವ ಕಲೆಯ ಹಿಂದೆ ಹೆಮ್ಮೆ ಇದೆ, ಯಾವುದರ ಹಿಂದೆ ನೋವು ಇದೆ ಅಂತ ನಾನು ಯೋಚಿಸಿರಲಿಲ್ಲ. ಮದುವೆ ಚಿತ್ತಾರವೂ ಊರವರು ಕರೆದಾಗ ಹೋಗಿ ಬಾರಿಸಲೇಬೇಕಾಗಿದ್ದ ತಮಟೆಯೂ ಒಂದೇ ಅಲ್ಲ. ಆಮೇಲೆ ನಾನೊಂದು ನಿಯಮ ಮಾಡಿಕೊಂಡೆ. ಯಾವ ಮಗುವಿಗೂ "ನಿಮ್ಮ ಮನೆ ಕಲೆ ತೋರಿಸು" ಅನ್ನುವುದಿಲ್ಲ. ಕಲಿಸುವವರು ದೊಡ್ಡವರು, ಅವರ ಒಪ್ಪಿಗೆಯಿಂದ, ಸಂಬಳ ತೆಗೆದುಕೊಂಡು ಬರುವವರು. ಕಲಿಯುವವರು ಇಡೀ ತರಗತಿ. ಚಿತ್ತಾರ ದೀವರ ಮಕ್ಕಳು ಮಾತ್ರ ಕಲಿಯುವುದಲ್ಲ. ತಮಟೆ ದಲಿತ ಮಕ್ಕಳಷ್ಟೇ ಹಿಡಿಯುವುದಲ್ಲ. ಎರಡು ವರ್ಷದ ನಂತರ ತಮಟೆಯ ತಂಡವೊಂದು ಬೇರೆ ತಾಲ್ಲೂಕಿನಿಂದ ಬಂತು. ಎಲ್ಲ ಮಕ್ಕಳೂ ಕಲಿತರು. ಒಬ್ಬ ತಂದೆ ಬಂದು "ನಮ್ಮ ಮಗನ ಕೈಗೆ ಯಾಕೆ ಕೊಟ್ರಿ" ಅಂತ ಕೇಳಿದರು. ಆ ಮಾತಿಗೆ ಉತ್ತರ ಕೊಡುವುದು ಸುಲಭವಾಗಿರಲಿಲ್ಲ. ಸಂವಿಧಾನದ ಪಾಠ ಆ ವರ್ಷ ಎಂದಿಗಿಂತ ಜಾಸ್ತಿ ಹೊತ್ತು ನಡೆಯಿತು.

ಸಂಬಳ ಅಂದೆ. ಅದನ್ನೂ ಹೇಳಿಬಿಡುತ್ತೇನೆ. ಅಜ್ಜಿ ಹನ್ನೆರಡು ದಿನ ಬಂದರು. ಆ ಹನ್ನೆರಡು ದಿನದ ಕೂಲಿ ಅವರು ಬಿಟ್ಟಿದ್ದರು. ಶಾಲೆಯ ಲೆಕ್ಕದಲ್ಲಿ ಅದಕ್ಕೊಂದು ಖರ್ಚಿನ ಶೀರ್ಷಿಕೆ ಇರಲಿಲ್ಲ. ಸಂಪನ್ಮೂಲ ವ್ಯಕ್ತಿ ಅಂತ ತೋರಿಸಲು ವಿದ್ಯಾರ್ಹತೆಯ ಕಾಲಂ ತುಂಬಬೇಕು. ಏನು ತುಂಬುವುದು? ಕೊನೆಗೆ ಎಸ್‌ಡಿಎಂಸಿಯವರು, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯವರು, ಕೈಯಿಂದ ಹಾಕಿ ದಿನಗೂಲಿ ಲೆಕ್ಕದಲ್ಲಿ ಕೊಟ್ಟರು. ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಕೈ ಮುಗಿದು ಕಳಿಸುವ ಪದ್ಧತಿ ಇದೆಯಲ್ಲ, ದಯವಿಟ್ಟು ಅದನ್ನು ಬಿಡೋಣ. ನಾವು ಯಾರಾದರೂ ಶಾಲಿಗೆ ಪಾಠ ಮಾಡುತ್ತೇವಾ?

ಇದೆಲ್ಲ ಕಾಗದದಲ್ಲಿ ಇಲ್ಲವೇ ಅಂದರೆ, ಇದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜೊತೆ ಪಾರಂಪರಿಕ ಕರಕುಶಲದ ಬಗ್ಗೆಯೇ ಪ್ರತ್ಯೇಕ ಪತ್ರ ಬಂದಿತ್ತು. 2020ರ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಬ್ಯಾಗ್ ಇಲ್ಲದ ಹತ್ತು ದಿನ ಅಂತ ಹೇಳುತ್ತದೆ, ಊರಿನ ಬಡಗಿ, ಕುಂಬಾರರ ಹತ್ತಿರ ಕಲಿಯಲಿ ಅಂತ. ಚಿಕ್ಕ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ ನಮ್ಮ ನಲಿ-ಕಲಿ ಶುರುವಾದದ್ದೇ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ, ಜೇನುಕುರುಬರ ಹಾಡಿಗಳಿರುವ ತಾಲ್ಲೂಕಿನಲ್ಲಿ. ಹಾಡು, ಕುಣಿತ ಪಾಠದೊಳಗೆ ಬಂದರೆ ಏನಾಗುತ್ತದೆ ಅಂತ ನಮಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಹತ್ತು ದಿನ ಅನ್ನುವುದು ನನಗೆ ಮಾತ್ರ ಸ್ವಲ್ಪ ಪಿಕ್‌ನಿಕ್ ಥರ ಕಾಣುತ್ತದೆ. ಗಣಿತದ ಪೀರಿಯಡ್‌ಗೆ ಬಾರದ ಕಲೆ ಹನ್ನೊಂದನೇ ದಿನ ಎಲ್ಲಿರುತ್ತದೆ?

ನಿಮ್ಮ ಊರಲ್ಲಿ ಚಿತ್ತಾರ ಇಲ್ಲದಿರಬಹುದು. ಇನ್ನೊಂದು ಇರುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯವರು ಕೈ ಎತ್ತಿ ನೋಡೋಣ. ನಿಮ್ಮಲ್ಲಿ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಇದೆ. ಹಳೇ ಸೀರೆ, ಹಳೇ ಅಂಗಿಯ ತುಂಡು. ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಸುತ್ತಳತೆ ಕಲಿಸಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಪ್ರತಿ ಸುತ್ತಿಗೂ ಎಷ್ಟು ಕಡಿಮೆ ಆಯಿತು ಅಂತ ದಾರದಲ್ಲೇ ಅಳೆಯಬಹುದು. ಮುಗಿಸುವಾಗ ನಾಲ್ಕು ಮೂಲೆಗೂ ಮಡಿಸಿದ ಪುಟ್ಟ ತುಂಡು ಹೊಲಿಯುತ್ತಾರೆ, ಫೂಲ ಅಂತ. ಅದಿಲ್ಲದಿದ್ದರೆ ಕೌದಿ ಬತ್ತಲೆ ಅಂತಾರೆ.

ಅಂಕೋಲಾದ ಕಡೆಯವರಿಗೆ ಸುಕ್ರಜ್ಜಿ ಗೊತ್ತು. ಬಡಗೇರಿಯ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡ. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಓದು ಬರಹ ಇರಲಿಲ್ಲ. ನಾಟಿಯ ಹಾಡು, ಮದುವೆಯ ಹಾಡು, ಎಲ್ಲ ಬಾಯಲ್ಲೇ. ಅಂಥವರು ಒಬ್ಬರು ಹೋದಾಗ ನಾವು ಶಾಲೆಯಲ್ಲಿ ಎರಡು ನಿಮಿಷ ಮೌನ ಆಚರಿಸುತ್ತೇವೆ. ಬದುಕಿದ್ದಾಗ ಕನ್ನಡ ಪೀರಿಯಡ್‌ಗೆ ಎಷ್ಟು ಶಾಲೆಗಳು ಕರೆದಿದ್ದವು? ನಾನೂ ಕರೆದವಳಲ್ಲ.

ಮಾತು ಮುಗಿದ ಮೇಲೆ ಒಬ್ಬ ಮೇಷ್ಟ್ರು ಎದ್ದು ಕೇಳಿದರು: "ಮೇಡಂ, ಎಲ್ಲ ಸರಿ. ಇದಕ್ಕೆ ಮಾರ್ಕ್ಸ್ ಹೇಗೆ ಕೊಡೋದು? ದಾಖಲೆ ಕೇಳ್ತಾರೆ."

ಒಳ್ಳೆಯ ಪ್ರಶ್ನೆ. ನಾನೂ ಆಗ ಒಂದು ತಖ್ತೆ ಮಾಡಿದ್ದೆ. ರೇಖೆಯ ನೇರ, ಬಣ್ಣದ ಹದ, ಸಹಕಾರ ಮನೋಭಾವ ಅಂತೆಲ್ಲ ಕಾಲಂ ಹಾಕಿ ಎ, ಬಿ, ಸಿ. ಫೈಲಿನಲ್ಲಿ ಇದೆ, ಬೇಕಾದರೆ ಕೊಡುತ್ತೇನೆ.

ಅಜ್ಜಿಯ ಹತ್ತಿರ ಒಂದು ಒದ್ದೆ ಬಟ್ಟೆ ಇತ್ತು. ಮಗು ಗೆರೆ ಬರೆಯುತ್ತಿತ್ತು, ಅಜ್ಜಿ ನೋಡುತ್ತಿದ್ದರು. ಸೊಟ್ಟ ಆದರೆ ಬಯ್ಯುತ್ತಿರಲಿಲ್ಲ. ಬಟ್ಟೆ ಎತ್ತಿ ಒರೆಸುತ್ತಿದ್ದರು, ನಾರನ್ನು ಮತ್ತೆ ಕೈಗೆ ಕೊಡುತ್ತಿದ್ದರು. ಅಷ್ಟೇ. ಒಬ್ಬ ಹುಡುಗನದ್ದು ಒಂಬತ್ತು ಸಲ ಒರೆಸಿದರು. ಹತ್ತನೆಯದನ್ನೂ ಒರೆಸುತ್ತಾರೆ ಅಂತ ಅವನೇ ಬಟ್ಟೆ ತೆಗೆದು ಅವರ ಕೈಗೆ ಕೊಟ್ಟ. ಅಜ್ಜಿ ಅದನ್ನು ತೆಗೆದುಕೊಂಡು, ತಮ್ಮ ಕೈ ಒರೆಸಿಕೊಂಡು, ಪಕ್ಕದ ಹುಡುಗಿಯ ಕಡೆ ತಿರುಗಿದರು.